ಹೊಸಬೇಲೆಯ ಒಪ್ಪಿಗೆ ಸಭೆ

ಅರವತ್ಮೂರು ಜನರ ಹಣೆಗೂ ಮಣಿಕಟ್ಟಿಗೂ ಪಟ್ಟಿ ಕಟ್ಟಿ ಮುಗಿಸುವಷ್ಟರಲ್ಲಿ ಹತ್ತೂವರೆಯಾಗಿತ್ತು. ಹೊಸಬೇಲೆಯ ಮೀನುಗಾರರ ಸಂಘದ ಚಪ್ಪರದ ಮೂಲೆಯಲ್ಲಿ ಮೇಜು ಹಾಕಿಕೊಂಡು ಪ್ರಮೀಳಾ ಮೇಸ್ತ ತನ್ನ ಪರದೆಯನ್ನು ಹೊತ್ತಿಸಿದಳು. ಒಬ್ಬೊಬ್ಬರಿಗೆ ಒಂದೊಂದರಂತೆ ಅರವತ್ಮೂರು ಚುಕ್ಕೆಗಳು ಮಿಣುಕಿದವು. ಎಲ್ಲವೂ ಸರಿಯಾಗಿದ್ದವು. ಜಟ್ಟಪ್ಪ ಹರಿಕಂತ್ರನ ಹಣೆಪಟ್ಟಿ ಮಾತ್ರ ಅವನ ದಪ್ಪ ಗಂಧದ ಮೇಲೆ ಕೂರದೆ ಜಾರುತ್ತಿತ್ತು. ಪ್ರಮೀಳಾ ಹೋಗಿ ಅದನ್ನು ಇನ್ನೊಮ್ಮೆ ಬಿಗಿದು ಬಂದಳು.

ಆ ವರ್ಷ ಸಮುದ್ರ ಮೂರನೇ ಸಲ ಹೊಸಬೇಲೆಯೊಳಗೆ ನುಗ್ಗಿತ್ತು. ಹನ್ನೊಂದು ಮನೆಗಳ ಹಿಂಗೋಡೆ ಹೋಗಿತ್ತು, ಬಾವಿಗಳೆಲ್ಲ ಉಪ್ಪಾಗಿದ್ದವು. ಊರನ್ನು ಒಂಬತ್ತು ಕಿಲೋಮೀಟರ್ ಒಳಗಿರುವ ಬಂಡೆಗುಡ್ಡಕ್ಕೆ ಸಾಗಿಸಬೇಕೆಂದು ತೀರ ಸ್ಥಳಾಂತರ ಮಂಡಳಿ ಹೇಳುತ್ತಿತ್ತು. ಆದರೆ ಊರವರ ಒಪ್ಪಿಗೆಯಿಲ್ಲದೆ ಯಾರನ್ನೂ ಎಬ್ಬಿಸುವಂತಿರಲಿಲ್ಲ. ಒಪ್ಪಿಗೆಯನ್ನು ಅಳೆಯಲು ಈ ಪಟ್ಟಿಗಳು ಬಂದಿದ್ದವು. ಸರ್ಕಾರದ ಕಾಗದದಲ್ಲಿ ಅದರ ಹೆಸರು ಅಂತರ್ಮಾಪಕ. ಜನರ ಬಾಯಲ್ಲಿ ಅದು ಗುಟ್ಟುಪಟ್ಟಿ.

ಅದು ಯಾರ ಮನಸ್ಸಿನ ಮಾತನ್ನೂ ಓದುತ್ತಿರಲಿಲ್ಲ. ಮಣಿಕಟ್ಟಿನ ಪಟ್ಟಿ ನಾಡಿಯನ್ನೂ ಬೆವರನ್ನೂ ಗಮನಿಸುತ್ತಿತ್ತು. ಹಣೆಯದ್ದು ಮೆದುಳಿನ ವಿದ್ಯುತ್ತಿನ ಏರಿಳಿತವನ್ನು. ಒಟ್ಟಿಗೆ ಕೂತು ಒಂದೇ ಮಾತನ್ನು ಮನಸ್ಸಿಟ್ಟು ಕೇಳುವವರ ನಾಡಿಗಳು ತಮಗರಿಯದೆ ಒಂದೇ ಲಯಕ್ಕೆ ಬರುತ್ತವೆ. ಬೇಡದ ಮಾತು ಕಿವಿಗೆ ಬಿದ್ದರೆ ಲಯ ಒಡೆಯುತ್ತದೆ. ಮಾತಾಡಲು ಉಸಿರೆಳೆದುಕೊಂಡವರು ಆಡದೆ ನುಂಗಿಕೊಂಡರೆ ಅದೂ ತಿಳಿಯುತ್ತದೆ. ಸಮಾಧಾನವಿದ್ದರೆ ಪರದೆಯ ಮೇಲೆ ಹಸಿರು, ಬಿಗಿತವಿದ್ದರೆ ಕೆಂಪು, ನುಂಗಿದ ಮಾತಿಗೆ ಹಳದಿ. ಇಷ್ಟೇ ಅದರ ವಿದ್ಯೆ.

ಇದನ್ನು ಮೋಸಗೊಳಿಸಲು ಜನ ದಾರಿ ಹುಡುಕದೆ ಇರಲಿಲ್ಲ. ಕೆಲವು ಊರುಗಳಲ್ಲಿ ಸಭೆಗೆ ಕುಡಿದು ಬರುತ್ತಿದ್ದರು. ಇನ್ನು ಕೆಲವರು ಸಭೆಯುದ್ದಕ್ಕೂ ಒಳಗೊಳಗೇ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಪೇಟೆಯಲ್ಲಿ ಮದುವೆ ಮಾತುಕತೆಗೆ ಪಟ್ಟಿಯನ್ನು ಬಾಡಿಗೆಗೆ ತಂದು, ಮಾತುಕತೆ ಮುರಿದುಕೊಂಡವರೂ ಇದ್ದರು.

ಪ್ರಮೀಳಾಗೆ ಮಾತ್ರ ಆ ಯಂತ್ರದ ಮೇಲೆ ನಂಬಿಕೆಯಿತ್ತು. ಅದಕ್ಕೆ ಕಾರಣವೂ ಇತ್ತು. ಅವಳು ಹುಟ್ಟಿದ ಕೇರಿಯನ್ನು ಇಪ್ಪತ್ತಾರು ವರ್ಷಗಳ ಹಿಂದೆ ರಸ್ತೆಗಾಗಿ ಎಬ್ಬಿಸಿದ್ದರು. ಮುಂದೆ ಮಂಡಳಿಯಲ್ಲಿ ಈ ಪಟ್ಟಿಗಳ ಮಾಪಕಿಯಾಗಿ ಕೆಲಸಕ್ಕೆ ಸೇರಿದ ಮೇಲೆ ಅವಳು ಹಳೆಯ ಕಡತ ತೆಗೆಸಿ ಓದಿದಳು. ಅಂದಿನ ಸಭೆಯ ದಾಖಲೆಯಲ್ಲಿ ಒಂದು ಸಾಲಿತ್ತು: ‘ಹಾಜರಿದ್ದ ಮಹಿಳೆಯರು ಮೌನವಾಗಿದ್ದು ಸಮ್ಮತಿ ಸೂಚಿಸಿದರು.’ ಆ ಮೌನದವರಲ್ಲಿ ಅವಳ ತಾಯಿ ಶೇವಂತಿಯೂ ಒಬ್ಬಳು. ಅಂದು ಈ ಪಟ್ಟಿ ಇದ್ದಿದ್ದರೆ ಹಾಗೆ ಬರೆಯಲು ಆಗುತ್ತಿರಲಿಲ್ಲ ಎಂದು ಪ್ರಮೀಳಾ ಎಷ್ಟೋ ಸಲ ಅಂದುಕೊಂಡಿದ್ದಳು.

ಮಂಡಳಿಯ ಉಪನಿರ್ದೇಶಕ ಮಲ್ಲಿನಾಥ ಪಟ್ಟೇದ ಎದ್ದು ನಿಂತು, ಬಂಡೆಗುಡ್ಡದ ಮನೆಗಳ ಚಿತ್ರಗಳನ್ನು ಸಂಘದ ಕಟ್ಟಡದ ಗೋಡೆಯ ಮೇಲೆ ತೋರಿಸಿದರು. ಕಲಬುರಗಿ ಕಡೆಯವರು. ದೊಡ್ಡ ದನಿ, ಆದರೆ ಒರಟಲ್ಲ. ಒಣ ನೆಲ, ಸಿಹಿನೀರಿನ ನಲ್ಲಿ, ಹೆಂಚಿನ ಮಾಡು. ಚಿತ್ರ ನೋಡುತ್ತಿದ್ದಂತೆ ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಹೆಂಗಸರ ಸಾಲಿನಲ್ಲಂತೂ ಇಪ್ಪತ್ತೆಂಟು ನಾಡಿಗಳು ಒಂದೇ ಲಯದಲ್ಲಿ ಮಿಡಿಯತೊಡಗಿದವು.

ಆಮೇಲೆ ಊರ ಯಜಮಾನ ಜಟ್ಟಪ್ಪ ಎದ್ದ. “ನಾವು ಹೋಗೂದಿಲ್ಲ. ಇದು ಊರ ಮಾತು” ಅಂದ.

“ಎಲ್ಲರದ್ದೂ ಅದೇ ಏನ್ರಿ?” ಎಂದರು ಪಟ್ಟೇದ.

“ಅದೇ, ಅದೇ” ಎಂದು ಚಪ್ಪರ ತುಂಬ ದನಿ ಎದ್ದಿತು. ಹೆಂಗಸರೂ ಅಂದರು. ಅಷ್ಟರಲ್ಲಿ ಹಸಿರಾಗಿದ್ದ ಚುಕ್ಕೆಗಳಲ್ಲಿ ಬಹಳಷ್ಟು ಕೆಂಪಾಗಿದ್ದವು.

ಸಂಜೆ ಮಂಡಳಿಯ ಕಚೇರಿಯಲ್ಲಿ ಯಂತ್ರ ತನ್ನ ಲೆಕ್ಕ ಹೇಳಿತು. ಒಳಸಮ್ಮತಿ ನೂರಕ್ಕೆ ಎಪ್ಪತ್ತೊಂದು. ಅರವತ್ತು ದಾಟಿದರೆ ಬಾಯಿಮಾತಿನ ವಿರೋಧವನ್ನು ಯಾರದೋ ಒತ್ತಡದ ಫಲವೆಂದು ತಿಳಿಯಬೇಕು ಎಂಬುದು ನಿಯಮ. ಅಳತೆ ಸರಿಯಿದೆಯೆಂದು ಪ್ರಮೀಳಾ ಏಳು ದಿನದೊಳಗೆ ಸಹಿ ಮಾಡಿದರೆ ಊರು ಏಳಲೇಬೇಕು.

“ಹಾಕಿಬಿಡ್ರಿ ಮೇಡಂ” ಎಂದರು ಪಟ್ಟೇದ. “ಯಜಮಾನನ ಅಂಜಿಕಿಗೆ ಬ್ಯಾಡ ಅಂದಾರ. ಒಳಗ ಎಲ್ಲಾರಿಗೂ ಬೇಕಾಗೇದ. ಮಳಿಗಾಲಕ್ಕ ಹತ್ತು ವಾರ ಅದ. ಇನ್ನೊಂದು ಮಳಿಗಾಲ ಅವರು ಅಲ್ಲೇ ಇದ್ರ ಹೆಣ ಎಣಸೋರು ನಾವೇ ಆಗ್ತೀವಿ.”

ಅವರ ಕಾಳಜಿ ಸುಳ್ಳಲ್ಲವೆಂದು ಪ್ರಮೀಳಾಗೆ ಗೊತ್ತಿತ್ತು. ಆದರೂ ಸಹಿ ಹಾಕುವ ಮೊದಲು ಇಡೀ ಸಭೆಯನ್ನು ಪರದೆಯ ಮೇಲೆ ಇನ್ನೊಮ್ಮೆ ಓಡಿಸಿ ನೋಡುವುದು ಅವಳ ಅಭ್ಯಾಸ. ಇಪ್ಪತ್ತೆರಡನೇ ನಿಮಿಷಕ್ಕೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಪಟ್ಟೇದ ಒಂದು ಸಣ್ಣ ಮಾತು ಹೇಳಿದ್ದರು: ‘ಗುಡ್ಡದಿಂದ ತೀರಕ್ಕ ರಸ್ತೆ ಛಲೋ ಅದ, ಒಂಬತ್ತೇ ಕಿಲೋಮೀಟರ್.’ ಆ ಕ್ಷಣಕ್ಕೆ ನಲವತ್ತೊಂದು ಚುಕ್ಕೆಗಳು ಒಟ್ಟಿಗೆ ಹಳದಿಯಾಗಿದ್ದವು. ನಲವತ್ತೊಂದು ಜನ ಏನನ್ನೋ ಹೇಳಲು ಉಸಿರೆಳೆದು, ಹೇಳದೆ ನುಂಗಿದ್ದರು.

“ಸರ್, ಇದನ್ನು ನೋಡಿ. ಇಷ್ಟು ಜನ ಒಟ್ಟಿಗೆ ಏನೋ ಕೇಳ್ಬೇಕು ಅಂತಿದ್ರು.”

ಪಟ್ಟೇದ ಬಗ್ಗಿ ನೋಡಿದರು. “ಖರೇ ಅದ. ಆದ್ರ ಹಳದಿಗೆ ರಿಪೋರ್ಟಿನಾಗ ಕಾಲಮ್ಮೇ ಇಲ್ಲಲ್ರಿ.”

ಮರುದಿನ ಪ್ರಮೀಳಾ ಯಂತ್ರವಿಲ್ಲದೆ ಹೊಸಬೇಲೆಗೆ ಹೋದಳು. ಪರದೆಯಲ್ಲಿ ಎಲ್ಲರಿಗಿಂತ ಮೊದಲು ಹಸಿರಾಗಿ, ಎಲ್ಲರಿಗಿಂತ ಗಾಢವಾಗಿ ಕೆಂಪಾದ ಚುಕ್ಕೆ ಗಂಗೆ ಹರಿಕಂತ್ರಳದ್ದು. ಅರವತ್ತು ದಾಟಿದ ಹೆಂಗಸು. ನಲವತ್ತು ವರ್ಷದಿಂದ ಮೀನು ಬುಟ್ಟಿ ಹೊತ್ತವಳು. ಮನೆಯ ಹಿಂಗೋಡೆಯ ಜಾಗದಲ್ಲಿ ನೀಲಿ ತಾಡಪಾಲು ಕಟ್ಟಿತ್ತು. ಅಂಗಳದಲ್ಲಿ ಹರಡಿದ್ದ ಒಣಮೀನನ್ನು ಮಗುಚುತ್ತ ಅವಳು ತಲೆಯೆತ್ತಿದಳು.

“ಬನ್ನಿ ಅಕ್ಕೋರೆ. ಪಟ್ಟಿ ತರ್ಲಿಲ್ವಾ?”

“ಇಲ್ಲ. ಒಂದು ಮಾತು ಕೇಳ್ಲಿಕ್ಕೆ ಬಂದೆ. ನೀವು ನಿನ್ನೆ ಬಾಯಲ್ಲಿ ಬೇಡ ಅಂದ್ರಿ. ಗುಡ್ಡದ ಮನೆ ನೋಡಿದಾಗ ನಿಮ್ಮ ನಾಡಿ ಬೇರೆ ಹೇಳ್ತಿತ್ತು.”

“ಹೌದು, ಹೇಳಿರ್ತದೆ” ಅಂದಳು ಗಂಗೆ, ಏನೂ ಅಳುಕದೆ. “ಹೋದ ಗಾಳಿಮಳೇಲಿ ಎರಡು ದಿನ ಮೊಮ್ಮಗಳನ್ನ ಹೆಗಲ ಮೇಲೆ ಇಟ್ಕೊಂಡು ಕಟ್ಟೆ ಹತ್ತಿ ನಿಂತವಳು ನಾನು. ಒಣ ನೆಲ ಕಂಡ್ರೆ ಜೀವ ತಣ್ಣಗಾಗೂದಿಲ್ವಾ?”

“ಹಾಗಾದ್ರೆ ಬೇಡ ಅಂದದ್ದು ಜಟ್ಟಪ್ಪನವರ ಹೆದರಿಕೆಗಾ?”

ಗಂಗೆ ಜೋರಾಗಿ ನಕ್ಕಳು. “ಜಟ್ಟಪ್ಪನಿಗೆ ನಾನು ಹೆದರೂದಾ? ಅವ ಚಡ್ಡಿ ಹಾಕದ ಕಾಲದಿಂದ ನೋಡಿದವಳು.” ಆಮೇಲೆ ಮೀನನ್ನು ಬಿಟ್ಟು, ಕೈ ಕೊಡವಿ, ಎದುರಿಗೆ ಕೂತಳು. “ನೋಡಿ, ಸೋಮವಾರ ನಾನು ಮೀನು ಮುಟ್ಟೂದಿಲ್ಲ. ಪಕ್ಕದ ಮನೇಲಿ ಬಂಗಡೆ ಹುರೀತಾರೆ. ನನ್ನ ಬಾಯಲ್ಲಿ ನೀರು ಬರ್ತದೆ. ಆಗ ನಿಮ್ಮ ಪಟ್ಟಿ ಕಟ್ಟಿದ್ರೆ ಗಂಗೆಗೆ ಮೀನು ಬೇಕು ಅಂತ ಬರೀತದೆ. ಹಾಗಂತ ನೀವು ಬಂದು ನನ್ನ ಬಾಯಿಗೆ ಮೀನು ತುರುಕೂದಾ?”

ಪ್ರಮೀಳಾಗೂ ನಗು ಬಂತು.

“ಸಭೆಗೆ ಮುಂಚೆ ಎರಡು ದಿನ ಕೂತು ಮಾತಾಡಿ ಬೇಡ ಅಂತ ಮಾಡಿದ್ದು. ಆ ಮಾತಿಗೆ ನಾನೂ ಸೇರಿದ್ದೆ. ಆಸೆ ಇದ್ದದ್ದು ಹೌದು, ಬೇಡ ಅಂದದ್ದೂ ಹೌದು. ಎರಡೂ ನಂದೇ.”

“ಯಾಕೆ ಬೇಡ?”

“ಬೆಳಿಗ್ಗೆ ಐದಕ್ಕೆ ದೋಣಿ ಬರ್ತದೆ. ಹಿಡಿಯೂದು ಗಂಡಸ್ರು, ಮಾರೂದು ನಾವು. ಆರರೊಳಗೆ ಬುಟ್ಟಿ ತುಂಬಿ ಪೇಟೆ ಬಸ್ ಹತ್ದೆ ಹೋದ್ರೆ ಆ ಮೀನನ್ನ ಬೆಕ್ಕೂ ಕೇಳೂದಿಲ್ಲ. ಗುಡ್ಡದಿಂದ ಮೊದಲ ಬಸ್ಸು ಎಂಟಕ್ಕೆ. ನಾವು ಮನೇಲಿ ಕೂತು ಗಂಡಸ್ರ ಕೈ ನೋಡ್ಬೇಕು. ಮತ್ತೆ, ನಾವು ಎದ್ದು ಹೋದ ಮೇಲೆ ಈ ತೀರ ಯಾರಿಗೆ ಅಂತ ಜಟ್ಟಪ್ಪನಿಗೆ ಸಂಶಯ. ಅದೂ ಸುಳ್ಳಲ್ಲ.”

“ಇದನ್ನು ಸಭೇಲಿ ಹೇಳ್ಬಹುದಿತ್ತಲ್ಲ?”

“ಎಲ್ಲಿ ಹೇಳೂದು? ಹೋಗ್ತೀರೋ ಇಲ್ವೋ ಅಂತ ಕೇಳಿದ್ರಿ. ಹೇಗೆ ಹೋದ್ರೆ ಹೋದೀರಿ ಅಂತ ಕೇಳ್ಲಿಲ್ಲ. ಮತ್ತೆ ನೀವು ಎದೆ ನೋಡ್ಲಿಕ್ಕೆ ಬಂದವ್ರು, ಬಾಯಿ ತೆಗೆದು ಎಂತ ಪ್ರಯೋಜನ ಅಂತ ನಾವೂ ಸುಮ್ನಾದ್ವು.” ಅವಳು ಪ್ರಮೀಳಾಳ ಮುಖವನ್ನು ದಿಟ್ಟಿಸಿದಳು. “ನೀವು ಯಾವ ಕಡೆಯವ್ರು?”

“ಮೇಸ್ತರ ಪೈಕಿ. ನಮ್ಮ ಕೇರಿ ಈಗಿಲ್ಲ.”

“ಹಾಗಾದ್ರೆ ಒಳಗೆ ಬಾ ತಂಗಿ. ಚಾ ಕುಡ್ದು ಹೋಗು.”

ಪ್ರಮೀಳಾ ಮನೆಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು. ಶೇವಂತಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸಿಗಡಿ ಸುಲಿಯುತ್ತಿದ್ದಳು. ಪ್ರಮೀಳಾ ಇನ್ನೊಂದು ಮಣೆ ಹಾಕಿಕೊಂಡು ಕೂತು ತಾನೂ ಸುಲಿಯತೊಡಗಿದಳು. ಅರ್ಧ ಬುಟ್ಟಿ ಮುಗಿದ ಮೇಲೆ, ಇಷ್ಟು ವರ್ಷ ಕೇಳದ ಮಾತನ್ನು ಕೇಳಿದಳು.

“ಅವ್ವಿ, ನಮ್ಮ ಕೇರಿ ಎಬ್ಬಿಸುವಾಗ ಸಭೇಲಿ ನೀನು ಸುಮ್ನೆ ಕೂತಿದ್ಯಂತೆ. ನಿಂಗೆ ಮನಸ್ಸಿರ್ಲಿಲ್ಲ, ಅಲ್ವಾ?”

ಶೇವಂತಿ ಕೈ ನಿಲ್ಲಿಸಲಿಲ್ಲ. “ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ. ನಾನೇ ಅಂದ್ಕೊಂಡೆ.”

“ನಂಗೆ ಗೊತ್ತೇ ಇರ್ಲಿಲ್ಲ, ಮಗಾ. ಹೋದ್ರೂ ಹೆದರಿಕೆ, ಇದ್ರೂ ಹೆದರಿಕೆ. ಯಾರಾದ್ರೂ ಒಬ್ರು ನನ್ನ ಕಡೆ ತಿರುಗಿ ‘ಶೇವಂತಿ, ನೀನು ಎಂತ ಹೇಳ್ತೆ’ ಅಂದಿದ್ರೆ, ಹೇಳ್ತಾ ಹೇಳ್ತಾ ಗೊತ್ತಾಗ್ತಿತ್ತೋ ಏನೋ. ಕೇಳ್ಲೇ ಇಲ್ಲ. ಹಾಗಾಗಿ ಇವತ್ತಿನವರೆಗೂ ನಂಗೆ ಗೊತ್ತಿಲ್ಲ.”

ಸಿಗಡಿಯ ಸಿಪ್ಪೆಯನ್ನು ತೆಂಗಿನ ಬುಡಕ್ಕೆ ಸುರಿದು ಬರಲು ಅವಳು ಎದ್ದು ಹೋದಳು. ಪ್ರಮೀಳಾ ಉಳಿದದ್ದನ್ನು ಸುಲಿಯುತ್ತ ಯೋಚಿಸಿದಳು. ಆ ಸಭೆಯಲ್ಲಿ ಅವ್ವಿಯ ಹಣೆಗೆ ಪಟ್ಟಿ ಕಟ್ಟಿದ್ದರೆ ಅದು ಕೆಂಪು ತೋರಿಸುತ್ತಿತ್ತೋ, ಹಸಿರು ತೋರಿಸುತ್ತಿತ್ತೋ. ಯಾವುದು ತೋರಿಸಿದ್ದರೂ ಯಾರೋ ಅದನ್ನೇ ಅವ್ವಿಯ ಮಾತೆಂದು ಬರೆದು, ಕಡತ ಕಟ್ಟಿ ಇಡುತ್ತಿದ್ದರು. ಬರೆದವಳು ಬಹುಶಃ ತಾನೇ ಆಗಿರುತ್ತಿದ್ದಳು.

ಅಳತೆ ಸಂಶಯಾಸ್ಪದವೆನಿಸಿದರೆ ಮಾಪಕರು ಎರಡನೇ ಸಭೆ ಕೇಳಬಹುದೆಂದು ನಿಯಮದಲ್ಲೇ ಇತ್ತು. ಯಾರೂ ಅದನ್ನು ಬಳಸಿರಲಿಲ್ಲ. ಪ್ರಮೀಳಾ ಅರ್ಜಿ ಬರೆದಳು. ಕಾರಣದ ಜಾಗದಲ್ಲಿ ‘ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಿಲ್ಲ’ ಎಂದಷ್ಟೇ ಬರೆದಳು.

ಪಟ್ಟೇದ ಅದನ್ನು ಎರಡು ಸಲ ಓದಿದರು. “ಯಂತ್ರ ಕೆಟ್ಟಿತ್ತು ಅಂತ ಬರೀರಿ, ನಾಳೆನೇ ಮಂಜೂರು ಮಾಡಿಸ್ತೀನಿ. ಹಿಂಗ ಬರದ್ರ ತಪ್ಪು ನಂದಾಗ್ತದ. ಪ್ರಶ್ನೆ ಕೇಳಿದಾವ ನಾನು.”

“ಯಂತ್ರ ಸರಿ ಇತ್ತು ಸರ್.”

“ನಿಮ್ಮ ಬಡ್ತಿ ಕಡತ ಇದೇ ತಿಂಗಳು ಮ್ಯಾಲ ಹೋಗೋದದ. ಗೊತ್ತದ ಇಲ್ಲೋ?”

“ಗೊತ್ತು.”

ಬಡ್ತಿಯ ಕಡತ ಆ ತಿಂಗಳು ಹೋಗಲಿಲ್ಲ. ಆದರೆ ಅರ್ಜಿಗೆ ಅವರು ಸಹಿ ಹಾಕಿದರು.

ಎರಡನೇ ಸಭೆ ಹನ್ನೆರಡು ದಿನ ಬಿಟ್ಟು ನಡೆಯಿತು. ಪ್ರಮೀಳಾ ಪಟ್ಟಿಗಳ ಪೆಟ್ಟಿಗೆ ತೆರೆಯುತ್ತಿದ್ದಂತೆ ಗಂಗೆ ಎದ್ದು ನಿಂತಳು.

“ಮಾತುಕತೆ ಅಂದ್ಮೇಲೆ ಎರಡೂ ಕಡೆಯದ್ದು. ನಮ್ಮ ಎದೆ ಮಾತ್ರ ಅಳೆಯೂದು ಯಾವ ನ್ಯಾಯ? ಸಾಹೇಬ್ರೂ ಕಟ್ಕೊಳ್ಲಿ. ಪರದೆ ನಮ್ಗೂ ಕಾಣ್ಲಿ.”

ಚಪ್ಪರದಲ್ಲಿ ನಗು ಎದ್ದಿತು. ಪಟ್ಟೇದರ ಮುಖ ಕೆಂಪಾಯಿತು. ಅಧಿಕಾರಿಗಳು ಕಟ್ಟಿಕೊಳ್ಳಬಾರದೆಂದು ನಿಯಮದಲ್ಲೇನೂ ಇಲ್ಲವೆಂದು ಪ್ರಮೀಳಾ ಹೇಳಿದಳು. ಅವರು ಕನ್ನಡಕ ತೆಗೆದು ಹಣೆ ಒಡ್ಡಿದರು. ಪ್ರಮೀಳಾ ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಊರವರ ಅರವತ್ಮೂರರ ಜೊತೆ ಅರವತ್ನಾಲ್ಕನೇ ಚುಕ್ಕೆ ಮಿಣುಕಿತು.

ಈ ಸಲ ಪಟ್ಟೇದ ಕೇಳಿದ ಪ್ರಶ್ನೆ ಬೇರೆ. “ಹ್ಯಾಂಗ ಆದ್ರ ನೀವು ಬರ್ತೀರಿ, ಅದನ್ನ ಹೇಳ್ರಿ.”

ಹೆಂಗಸರು ಬೆಳಗಿನ ಗಾಡಿಯ ಮಾತು ತೆಗೆದರು. ನಾಲ್ಕೂವರೆಗೆ ಗುಡ್ಡದಿಂದ ತೀರಕ್ಕೆ ಒಂದು ವ್ಯಾನು. ಒಣಮೀನಿಗೆ ಅಂಗಳ. ಬಲೆ, ದೋಣಿಗೆ ಕೊಟ್ಟಿಗೆ. ಮಾತು ಏರುತ್ತಾ ಇಳಿಯುತ್ತಾ ಒಂದು ಗಂಟೆ ನಡೆಯಿತು. ಆಮೇಲೆ ಜಟ್ಟಪ್ಪ ಎದ್ದ.

“ಸಾಹೇಬ್ರೆ, ನಾವು ಎದ್ದು ಹೋದ ಮೇಲೆ ಈ ತೀರ ಯಾರದ್ದು?”

“ಯಾರದ್ದೂ ಇಲ್ಲ. ಖಾಲಿ ಇರ್ತದ. ಯಾವ ಯೋಜನೆನೂ ಇಲ್ಲ” ಎಂದರು ಪಟ್ಟೇದ.

ಅರವತ್ನಾಲ್ಕನೇ ಚುಕ್ಕೆ ಕೆಂಡದಂತಾಯಿತು.

ಇಡೀ ಸಭೆ ಅದನ್ನು ನೋಡಿತು. ಹಿಂದಿನ ಸಾಲಿನ ನಾಲ್ಕಾರು ಜನ “ಸುಳ್ಳು! ಸುಳ್ಳು!” ಎಂದು ಕೂಗುತ್ತ ಎದ್ದರು. ಯಾರೋ ಕುರ್ಚಿ ಒದ್ದರು. ಜಟ್ಟಪ್ಪ ಪರದೆಯ ಕಡೆ ಬೆರಳು ತೋರಿಸಿ, “ಬರ್ಕೊಳ್ಳಿ ಅಕ್ಕೋರೆ, ಅವ್ರ ಎದೆ ಎಂತ ಹೇಳ್ತದೆ ಅಂತ ಬರ್ಕೊಳ್ಳಿ” ಎಂದು ಅಬ್ಬರಿಸಿದ. ಪ್ರಮೀಳಾ ಪೆನ್ನು ಹಿಡಿದಿದ್ದಳು. ಬರೆಯುವುದು ಸುಲಭವಿತ್ತು. ಇಷ್ಟು ವರ್ಷ ಅವಳು ಬರೆದದ್ದೂ ಅದನ್ನೇ.

“ಕೂತ್ಕೊಳ್ಳಿ ಎಲ್ಲ!” ಗಂಗೆಯ ದನಿ ಮೀನುಪೇಟೆಯಲ್ಲಿ ಪಳಗಿದ ದನಿ. ಗದ್ದಲ ಇಳಿಯಿತು. “ಬೆವರಿದವ್ರೆಲ್ಲ ಸುಳ್ಳು ಹೇಳ್ತಾರಾ? ನಮ್ಮ ಎದೆ ನೋಡಿ ಅವ್ರು ನಮ್ಮ ಮಾತು ತಳ್ಳಿದ್ರೆ ತಪ್ಪು, ಅವ್ರ ಎದೆ ನೋಡಿ ನಾವು ಅವ್ರ ಮಾತು ತಳ್ಳಿದ್ರೆ ಸರಿಯಾ? ತಂಗಿ, ಆ ಪರದೆ ಆರ್ಸು. ಸಾಹೇಬ್ರೆ, ಪಟ್ಟಿ ಬಿಚ್ಚಿ. ಒಂದು ಲೋಟ ನೀರು ಕುಡೀರಿ. ಈಗ ಬಾಯಲ್ಲಿ ಹೇಳಿ.”

ಪ್ರಮೀಳಾ ಪರದೆ ಆರಿಸಿದಳು. ಪಟ್ಟೇದ ಹಣೆಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, ಯಾರೋ ತಂದುಕೊಟ್ಟ ನೀರನ್ನು ಪೂರ್ತಿ ಕುಡಿದರು.

“ಹೋದ ತಿಂಗಳು ಒಂದು ಪತ್ರ ಬಂದದ” ಎಂದರು ಅವರು, ಈ ಸಲ ದೊಡ್ಡ ದನಿಯಿಲ್ಲದೆ. “ಸರಕು ಇಳಸೋ ಜೆಟ್ಟಿ ಕಟ್ಟಾಕ ಈ ಜಾಗ ಸಿಗ್ತದೇನು ಅಂತ ಕೇಳ್ಯಾರ. ಇನ್ನಾ ಏನೂ ತೀರ್ಮಾನ ಆಗಿಲ್ಲ. ಹೇಳಿದ್ರ ನೀವು ಏಳಂಗಿಲ್ಲ, ಮಳಿಗಾಲದಾಗ ಮುಳುಗ್ತೀರಿ ಅಂತ ಹೇಳಲಿಲ್ಲ. ತಪ್ಪಾತು.”

ಜಟ್ಟಪ್ಪ ನಿಧಾನವಾಗಿ ಕೂತ.

“ದೋಣಿ ಎಳೆಯೋ ಜಾಗ, ಮೀನು ಒಣಸೋ ಜಾಗ ಊರ ಹೆಸರಲ್ಲೇ ಇರಬೇಕು ಅಂತ ಷರತ್ತು ಹಾಕ್ರಿ. ಸಭೆಯ ದಾಖಲೆಯೊಳಗ ನಾನೇ ಬರಸ್ತೀನಿ, ನಾನೇ ಸಹಿ ಹಾಕ್ತೀನಿ. ಮ್ಯಾಲಿನವರು ಏನಂತಾರೋ ಗೊತ್ತಿಲ್ಲ. ಆದ್ರ ದಾಖಲಾದ ಷರತ್ತು ಮುರಿಯೋದು ಅವರಿಗೂ ಹಗುರಲ್ಲ.”

ಊರವರೂ ಪಟ್ಟಿ ಬಿಚ್ಚಿಟ್ಟರು. ಆ ದಿನ ಯಾರ ಹಣೆಗೂ ಮತ್ತೆ ಪಟ್ಟಿ ಕಟ್ಟಲಿಲ್ಲ. ಪ್ರಮೀಳಾ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಂಡಳು. ಯಂತ್ರ ನಲವತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಐದು ಗಂಟೆ ಹಿಡಿಯಿತು. ಮಧ್ಯೆ ಗಂಜಿ ಊಟವೂ ಆಯಿತು. ಹೆಚ್ಚಿನವರು ಷರತ್ತಿಗೆ ಒಪ್ಪಿ ಬರುತ್ತೇವೆಂದರು. ಏಳು ಜನ ಏನೇ ಆದರೂ ಬರುವುದಿಲ್ಲವೆಂದರು. ಅದನ್ನೂ ಅವಳು ಹಾಗೇ ಬರೆದಳು.

ಕೊನೆಯ ಹೆಸರು ಜಟ್ಟಪ್ಪನ ಕಿರಿಸೊಸೆ ಚಂಪಾಳದ್ದು. ಮದುವೆಯಾಗಿ ಊರಿಗೆ ಬಂದು ಎಂಟು ತಿಂಗಳಾದ ಹುಡುಗಿ.

“ಅವಳದ್ದೂ ನಮ್ಮದೇ, ಬರ್ಕೊಳ್ಳಿ” ಎಂದ ಜಟ್ಟಪ್ಪ.

“ಅವ್ರೇ ಹೇಳ್ಲಿ” ಎಂದಳು ಪ್ರಮೀಳಾ.

ಚಂಪಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಎಲ್ಲರೂ ಮನೆಗೆ ಹೊರಡುವ ತರಾತುರಿಯಲ್ಲಿದ್ದರು. ಪ್ರಮೀಳಾ ಪೆನ್ನನ್ನು ಕಾಗದದಿಂದ ಎತ್ತಿ ಹಿಡಿದು ಕಾದಳು.

“ನಂಗೆ ಇನ್ನೂ ಗೊತ್ತಿಲ್ಲ ಅಕ್ಕೋರೆ” ಎಂದಳು ಹುಡುಗಿ ಕೊನೆಗೆ. “ಹಾಗೆ ಬರೀಲಿಕ್ಕೆ ಆಗ್ತದಾ?”

“ಆಗ್ತದೆ” ಎಂದ ಪ್ರಮೀಳಾ ಅವಳ ಮಾತನ್ನೇ ಬರೆದಳು. ತನ್ನ ಫೋನ್ ನಂಬರನ್ನು ಇನ್ನೊಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟಳು.

ರಾಜಧಾನಿಯ ಕಚೇರಿಯಿಂದ ಆ ಒಂದು ಸಾಲಿನ ಬಗ್ಗೆ ಮೂರು ಸಲ ಫೋನು ಬಂತು. ಹೌದು ಅಥವಾ ಇಲ್ಲ ಎಂದು ತುಂಬದ ಹೊರತು ಕಂಪ್ಯೂಟರು ಕಡತವನ್ನು ಮುಂದಕ್ಕೆ ಬಿಡುವುದಿಲ್ಲವಂತೆ. ಪಟ್ಟೇದ ಮೂರು ಸಲವೂ “ಒಬ್ಬರದು ಬಾಕಿ ಅದ್ರಿ, ಹೇಳ್ತಾರ” ಎಂದು ಫೋನಿಟ್ಟರು. ಮಳೆಗಾಲಕ್ಕೆ ಏಳು ವಾರ ಉಳಿದಿತ್ತು. ಬಂಡೆಗುಡ್ಡದ ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಶುರುವಾಗಿತ್ತು.

ಹನ್ನೊಂದನೇ ದಿನ ಬೆಳಿಗ್ಗೆ ಪ್ರಮೀಳಾ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ಅಕ್ಕೋರೆ, ನಾನು ಚಂಪಾ, ಹೊಸಬೇಲೆಯವಳು. ಈಗ ಹೇಳ್ತೇನೆ, ಬರ್ಕೊಳ್ತೀರಾ?”

ಪ್ರಮೀಳಾ ಮೆಟ್ಟಿಲ ಮೇಲೇ ಕೂತು ಚೀಲದಿಂದ ಪುಸ್ತಕ ತೆಗೆದಳು. “ಹೇಳಿ.”

“ನಾನು ಗುಡ್ಡಕ್ಕೆ ಬರ್ತೇನೆ. ಆದ್ರೆ ಮನೆ ಕಾಗದದಲ್ಲಿ ಮಾವನ ಹೆಸರೊಂದೇ ಸಾಲ್ದು. ನನ್ನ ಹೆಸ್ರೂ ಇರ್ಬೇಕು. ಊರ ಎಲ್ಲ ಹೆಂಗಸ್ರದ್ದೂ ಇರ್ಬೇಕು. ಗಂಗತ್ತೆಗೆ ಹೇಳಿದೆ, ಅವ್ರಿಗೂ ಹೌದು ಅಂತ ಅನ್ನಿಸಿತಂತೆ.” ಆ ಕಡೆಯಿಂದ ಗಾಳಿಯ ಸದ್ದು ಕೇಳಿಸಿತು. ಅವಳು ತೀರದಲ್ಲಿ ನಿಂತಿದ್ದಿರಬೇಕು. “ಬರ್ದಾಯ್ತಾ?”

“ತಡಿ, ತಡಿ” ಎಂದಳು ಪ್ರಮೀಳಾ. “ಮೊದ್ಲಿಂದ ಇನ್ನೊಮ್ಮೆ ಹೇಳು. ನಿನ್ನ ಮಾತಲ್ಲೇ ಬರೀಬೇಕು.”

ಹುಡುಗಿ ಮೊದಲಿನಿಂದ ಹೇಳಿದಳು, ಈ ಸಲ ಇನ್ನಷ್ಟು ಗಟ್ಟಿಯಾಗಿ.